ಎರಡೇ ದಿನಕ್ಕೆ ಪೇಪರ್ ಒಪ್ಪಿಕೊಂಡಿದ್ದಾರೆ, ಈಗ ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಪಿಎಚ್.ಡಿ. ಮೂರನೇ ವರ್ಷ, ಸಮಾಜಶಾಸ್ತ್ರ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ನೋಡಿ ಒಂದು ಜರ್ನಲ್‌ಗೆ ಪೇಪರ್ ಕಳಿಸಿದೆ. ಎರಡನೇ ದಿನಕ್ಕೇ ‘ಸ್ವೀಕೃತವಾಗಿದೆ, 2,500 ರೂಪಾಯಿ ಕಟ್ಟಿ’ ಅಂತ ಮೇಲ್ ಬಂತು. ಒಂದು ತಿದ್ದುಪಡಿಯನ್ನೂ ಹೇಳಿಲ್ಲ. ಅನುಮಾನ ಬಂದು ದುಡ್ಡು ಕಟ್ಟಿಲ್ಲ, ಯಾವುದಕ್ಕೂ ಸಹಿ ಹಾಕಿಲ್ಲ. ಅದೇ ಪೇಪರನ್ನ ಬೇರೆ ಕಡೆ ಕಳಿಸಬಹುದಾ?

ಉತ್ತರ: ಕಟ್ಟದೇ ಇದ್ದದ್ದು ಒಳ್ಳೇದಾಯ್ತಮ್ಮ. ಆದರೆ ಇವತ್ತೇ ಬೇರೆ ಕಡೆ ಕಳಿಸಬೇಡಿ. ಒಂದೇ ಪೇಪರ್ ಒಂದೇ ಹೊತ್ತಿಗೆ ಎರಡು ಜರ್ನಲ್‌ಗಳಲ್ಲಿದ್ದರೆ ತಪ್ಪು ನಿಮ್ಮ ತಲೆಗೇ ಬರುತ್ತೆ, ಮೊದಲನೆಯದು ದುಡ್ಡಿಗಾಗಿ ನಡೆಸೋ ಜರ್ನಲ್ ಆಗಿದ್ದರೂ ಸರಿ. ಮೊದಲು ಅವರಿಗೆ ಮೇಲ್ ಹಾಕಿ. ಪೇಪರಿನ ಶೀರ್ಷಿಕೆ, ಕಳಿಸಿದ ತಾರೀಕು, ‘ಹಕ್ಕುಸ್ವಾಮ್ಯ ಪತ್ರಕ್ಕೆ ಸಹಿ ಹಾಕಿಲ್ಲ, ಪೇಪರ್ ಹಿಂದಕ್ಕೆ ಪಡೆಯುತ್ತಿದ್ದೇನೆ, ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ’ ಅನ್ನೋ ಮಾತು, ಇಷ್ಟು ಸಾಕು. ಗೈಡ್‌ಗೂ ಒಂದು ಪ್ರತಿ ಇರಲಿ.

ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬಿಬ್ಬರಿಗೆ, ನಿಜವಾಗಿಯೂ ಆ ಮಂಡಳಿಯಲ್ಲಿ ಇದ್ದೀರಾ ಅಂತ ಅವರ ಕಾಲೇಜಿನ ವಿಳಾಸಕ್ಕೇ ಬರೆದು ಕೇಳಿ. ಇಂಥದ್ದೊಂದು ಜರ್ನಲ್‌ನಲ್ಲಿ ನನ್ನ ಹೆಸರೂ ಇತ್ತು. ನನಗೆ ಗೊತ್ತೇ ಇರಲಿಲ್ಲ. ಹೆಸರಿನ ಕಾಗುಣಿತವನ್ನೂ ತಪ್ಪಾಗಿ ಹಾಕಿದ್ದರು. ತೆಗೆಸೋಕೆ ಏಳು ಮೇಲ್ ಬರೆದೆ.

ಪ್ರಶ್ನೆ: ಆದರೆ ಮೇಡಂ, ‘ಯುಜಿಸಿ ಮಾನ್ಯತೆ’ ಅಂತ ಮುಖಪುಟದಲ್ಲೇ ಇದೆ. ಐಎಸ್‌ಎಸ್‌ಎನ್ ಕೂಡ ಇದೆ.

ಉತ್ತರ: ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಈಗಲೂ ಆ ಮಾತು ಹಾಕಿಕೊಂಡಿದ್ದಾರೆ ಅಂದರೆ ಅಲ್ಲೇ ಅನುಮಾನ ಪಡಬೇಕು. ಐಎಸ್‌ಎಸ್‌ಎನ್ ಬರೀ ಎಂಟಂಕಿಯ ಗುರುತಿನ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಳೇ ಒಳ್ಳೇ ಜರ್ನಲ್‌ನ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ಮಾಡೋರೂ ಇದ್ದಾರೆ. ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿ, ಅಲ್ಲಿ ಬರೋ ಹೆಸರು, ವಿಳಾಸ ಹೊಂದುತ್ತಾ ನೋಡಿ.

ಇನ್ನೊಂದು ಮಾತು. ಪಿಎಚ್.ಡಿ. ಪ್ರಬಂಧ ಸಲ್ಲಿಸೋಕೆ ಮುಂಚೆ ಪೇಪರ್ ಅಚ್ಚಾಗಲೇಬೇಕು ಅನ್ನೋ ಷರತ್ತನ್ನು ಯುಜಿಸಿ 2022ರ ನಿಯಮದಲ್ಲೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನ ಉಳಿಸಿಕೊಂಡಿದೆಯಾ ಅಂತ ಸುತ್ತೋಲೆ ತರಿಸಿ ಓದಿ. ಸೀನಿಯರ್‌ಗಳು ಹೇಳಿದ್ದನ್ನ ನಂಬಿ ಗಾಬರಿಯಾಗಬೇಡಿ. ನಿಮ್ಮ ಮೂರು ವರ್ಷದ ಕ್ಷೇತ್ರಕಾರ್ಯ ಇಂಥವರ ಕೈಗೆ ಹೋಗೋದು ನನಗೆ ನಿಜಕ್ಕೂ ಸಂಕಟ.

ಪ್ರಶ್ನೆ: ಮೇಲ್ ಹಾಕಿದೆ ಮೇಡಂ. ‘ಹಿಂದಕ್ಕೆ ಪಡೆಯೋಕೆ 5,000 ಕಟ್ಟಿ, ಇಲ್ಲಾಂದ್ರೆ ಪ್ರಕಟಿಸ್ತೀವಿ’ ಅಂತಿದ್ದಾರೆ!

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಆ ಮೇಲ್ ಅಳಿಸಬೇಡಿ. ಹೊಸ ಜರ್ನಲ್‌ಗೆ ಕಳಿಸೋವಾಗ ಸಂಪಾದಕರಿಗೆ ನಡೆದದ್ದೆಲ್ಲ ಬರೆದು, ಈ ಮೇಲ್‌ಗಳನ್ನೂ ಜೊತೆಗಿಡಿ. ಅವರು ಅಚ್ಚು ಹಾಕಿಬಿಟ್ಟರೆ ಮುಚ್ಚಿಡಬೇಡಿ, ಅದನ್ನೂ ಹೇಳಿ. ಪತ್ರದ ಕರಡು ಬರೆದು ನನಗೆ ಕಳಿಸಿ, ಇವತ್ತು ರಾತ್ರಿಯೇ ನೋಡಿ ತಿದ್ದಿಕೊಡ್ತೀನಿ.