ಅಪ್‌ಡೇಟ್: ಮಳೆನೀರಿನ ಗುಂಡಿ ಸುತ್ತ ನೆಟ್ಟ ಗಿಡಗಳು ಏನಾದವು?

ಹೋದ ಮೇ ತಿಂಗಳಲ್ಲಿ ಇಲ್ಲೇ ನಿಮ್ಮನ್ನೆಲ್ಲ ಕೇಳಿದ್ದೆ. ಬೆಂಗಳೂರಿನ ನಮ್ಮ ಲೇಔಟ್‌ನ ತಗ್ಗಿನಲ್ಲಿ ಮಳೆನೀರು ನಿಲ್ಲಲೆಂದು ತೋಡಿದ ಗುಂಡಿ ಇದೆ, ದಂಡೆ ಕುಸಿಯುತ್ತಿದೆ, ಇಲ್ಲಿನದೇ ಜೌಗು ಗಿಡ ಯಾವುದು ನೆಡಲಿ ಅಂತ. ಲಾವಂಚ, ಬಜೆ, ಒಂದೆಲಗ ಅಂದಿದ್ದಿರಿ.

ಮೊದಲ ಸಲ ಪೂರ್ತಿ ಹಾಳಾಯಿತು. ಜೂನ್‌ನಲ್ಲಿ ನೆಟ್ಟ ಹತ್ತೇ ದಿನಕ್ಕೆ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಬಜೆ ಗೆಡ್ಡೆಗಳೆಲ್ಲ ಪ್ಲಾಸ್ಟಿಕ್ ಕವರ್ ಜೊತೆ ಪೈಪಿನ ಜಾಲರಿಗೆ ಸಿಕ್ಕಿಕೊಂಡಿದ್ದವು. ತಪ್ಪು ನನ್ನದೇ, ಸುಮ್ನೆ ಬರೀ ಮಣ್ಣಿಗೆ ಊರಿದ್ದೆ.

ಎರಡನೇ ಸಲ ನೀರು ಬಂದು ಬೀಳುವ ಕಡೆ ದಪ್ಪ ಕಲ್ಲು ಹಾಸಿದೆವು. ಇಳಿಜಾರಿಗೆ ಹಳೇ ಗೋಣಿಚೀಲ ಹೊದಿಸಿ, ಬಿದಿರು ಗೂಟ ಹೊಡೆದು, ಗೋಣಿ ಕೊಯ್ದು ಗಿಡ ಇಟ್ಟೆವು. ಸದಾ ಒದ್ದೆ ಇರುವ ತಳದಲ್ಲಿ ಬಜೆ. ಮೇಲೆ ಸಾಲಾಗಿ, ಅರ್ಧ ಅಡಿಗೊಂದು ಲಾವಂಚ, ಎಲೆ ಗಿಡ್ಡಕ್ಕೆ ಕತ್ತರಿಸಿ. ನಡುವೆ ಒಂದೆಲಗ.

ಈಗ ಜನವರಿ. ಲಾವಂಚ ಸೊಂಟದ ಮಟ್ಟಕ್ಕಿದೆ. ಒಂದು ಬುಡ ಹಿಡಿದು ಎಳೆದೆ, ಅಲ್ಲಾಡಲಿಲ್ಲ! ಬಜೆ ಎಲೆ ಚಿವುಟಿದರೆ ಬಾಣಂತಿ ಮನೆಯ ವಾಸನೆ. ಪಕ್ಕದ ಮನೆ ಅಜ್ಜಿ ತಂಬುಳಿಗೆ ಅಂತ ಒಂದೆಲಗ ಕೀಳಲು ಬಂದಿದ್ದರು. 'ರಸ್ತೆ ನೀರು ಬರೋ ಜಾಗ ಅಜ್ಜಿ, ಬೇಡ' ಅಂದೆ. ಸ್ವಲ್ಪ ಮುನಿಸಿಕೊಂಡರು.

ನರ್ಸರಿಯವರು ಬಣ್ಣದ ಹೂವಿನ ಕ್ಯಾನಾ ಗಿಡ ತೋರಿಸಿದರು. ಅದು ಅಮೆರಿಕ ಕಡೆಯದಲ್ವಾ, ಬಿಟ್ಟೆ. ಜೊಂಡು ಮಾತ್ರ ಕರೆಯದೇ ಬಂದಿದೆ. ನಮ್ಮದೇ ಗಿಡ ನಿಜ, ಆದರೆ ಬಿಟ್ಟರೆ ಇಡೀ ಗುಂಡಿ ಅದರದೇ. ತಿಂಗಳಿಗೊಮ್ಮೆ ಇಳಿದು ಬೇರುಸಮೇತ ಕೀಳುತ್ತಿದ್ದೇನೆ.