ರೈಖ್‌ಸ್ಟಾಗ್ ಮೇಲಿನ ಬಾವುಟದ ಚಿತ್ರವನ್ನು ದಾಖಲೆಯೆಂದು ತೋರಿಸಬಹುದೇ?

ಇತಿಹಾಸ ಅಧ್ಯಾಪಕಿ

ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳ ಬಗ್ಗೆ ಕಾಲೇಜಿನ ಪಡಸಾಲೆಯಲ್ಲಿ ಒಂದು ಸಣ್ಣ ಚಿತ್ರಪ್ರದರ್ಶನ ಏರ್ಪಡಿಸಬೇಕೆಂದು ವಿದ್ಯಾರ್ಥಿಗಳ ಜೊತೆ ಸೇರಿ ಚಿತ್ರಗಳನ್ನು ಆರಿಸುತ್ತಿದ್ದೇನೆ. ಎಲ್ಲರೂ ಮೊದಲಿಗೆ ಆರಿಸಿದ್ದು ಎರಡು ಬಾವುಟದ ಚಿತ್ರಗಳನ್ನು: 1945ರ ಫೆಬ್ರುವರಿ 23ರಂದು ಜಪಾನಿನ ಇವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಅಮೆರಿಕದ ಛಾಯಾಗ್ರಾಹಕ ಜೋ ರೋಸೆಂತಾಲ್ ತೆಗೆದದ್ದು ಮತ್ತು ಅದೇ ವರ್ಷದ ಮೇ 2ರಂದು ಬರ್ಲಿನ್ನಿನ ರೈಖ್‌ಸ್ಟಾಗ್ (ಜರ್ಮನಿಯ ಸಂಸತ್ತು) ಕಟ್ಟಡದ ಮೇಲೆ ಸೋವಿಯತ್ ಛಾಯಾಗ್ರಾಹಕ ಯೆವ್ಗೆನಿ ಖಾಲ್ದೇಯ್ ತೆಗೆದದ್ದು.

ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಮೇಡಂ, ಇವೆರಡನ್ನೂ ಬೇಕೆಂದೇ ಜನರನ್ನು ನಿಲ್ಲಿಸಿ ತೆಗೆದಿದ್ದಂತೆ. ಹಾಗಿದ್ದರೆ ಸುಳ್ಳನ್ನು ಗೋಡೆಗೆ ಹಾಕಿದಂತಾಗುವುದಿಲ್ಲವೇ?” ಎಂದು ಕೇಳಿದಳು. ಆ ಕ್ಷಣದಲ್ಲಿ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇವನ್ನು ದಾಖಲೆಗಳೆಂದು ತೋರಿಸಬಹುದೇ, ತೋರಿಸುವುದಾದರೆ ಕೆಳಗೆ ಏನೆಂದು ಬರೆಯಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಡಾರ್ಕ್‌ರೂಮ್ ನೆನಪು

ಮೇಡಂ, ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ರೀಲು ತೊಳೆದವನು ನಾನು. ಈ ಎರಡು ಚಿತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ಅಭಿಪ್ರಾಯ.

ರೋಸೆಂತಾಲ್ ಯಾರನ್ನೂ ನಿಲ್ಲಿಸಿ ತೆಗೆಯಲಿಲ್ಲ. ಬೆಟ್ಟದ ಮೇಲೆ ಅಂದು ಬೆಳಿಗ್ಗೆ ಮೊದಲು ಏರಿದ್ದು ಒಂದು ಸಣ್ಣ ಬಾವುಟ. ಅದನ್ನು ಲೂಯಿಸ್ ಲೌರಿ ಎಂಬ ಸೇನಾ ಛಾಯಾಗ್ರಾಹಕರು ಚಿತ್ರಿಸಿಕೊಂಡಿದ್ದರು. ಕೆಳಗಿನವರಿಗೆಲ್ಲ ಕಾಣಲೆಂದು ಅದರ ಬದಲು ದೊಡ್ಡ ಬಾವುಟ ಏರಿಸುವ ಹೊತ್ತಿಗೆ ರೋಸೆಂತಾಲ್ ಮೇಲೆ ತಲುಪಿದರು. ಗಿಡ್ಡ ಆಳಾದ ಅವರು ಕಲ್ಲುಗಳನ್ನೂ ಮರಳಿನ ಚೀಲವನ್ನೂ ಪೇರಿಸಿ ಅದರ ಮೇಲೆ ನಿಂತರು. ಕಂಬ ಮೇಲೇಳುತ್ತಿದ್ದುದು ಓರೆಗಣ್ಣಿಗೆ ಕಂಡೊಡನೆ ಸ್ಪೀಡ್ ಗ್ರಾಫಿಕ್ ಕ್ಯಾಮೆರಾವನ್ನು ತಿರುಗಿಸಿ ಶಟರ್ ಒತ್ತಿದರು. ಪಕ್ಕದಲ್ಲೇ ಇದ್ದ ಬಿಲ್ ಜೆನಾಸ್ಟ್ ಅದೇ ಕ್ಷಣವನ್ನು ಬಣ್ಣದ ಚಲನಚಿತ್ರದಲ್ಲಿ ಸೆರೆಹಿಡಿದರು. ಆ ಫಿಲಂ ಇಂದಿಗೂ ಉಳಿದಿದೆ. ಕಂಬ ತಡೆಯಿಲ್ಲದೆ ಒಂದೇ ಏಟಿಗೆ ಏಳುವುದನ್ನು ಯಾರು ಬೇಕಾದರೂ ನೋಡಬಹುದು. ಅದನ್ನು ತೆಗೆದ ಜೆನಾಸ್ಟ್ ಕೆಲವೇ ದಿನಗಳಲ್ಲಿ ಅದೇ ದ್ವೀಪದಲ್ಲಿ ಪ್ರಾಣ ಕಳೆದುಕೊಂಡರು.

ಹಾಗಾದರೆ “ನಿಲ್ಲಿಸಿ ತೆಗೆದದ್ದು” ಎಂಬ ಮಾತು ಹುಟ್ಟಿದ್ದು ಹೇಗೆ? ಆಮೇಲೆ ರೋಸೆಂತಾಲ್ ಬಾವುಟದ ಕೆಳಗೆ ಸೈನಿಕರನ್ನು ಸೇರಿಸಿ ಒಂದು ಗ್ರೂಪ್ ಫೋಟೋ ತೆಗೆದಿದ್ದರು. ಫಿಲಂ ಗುವಾಮ್ ದ್ವೀಪಕ್ಕೆ ಹೋಗಿ, ಅಲ್ಲಿ ತೊಳೆದು, ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಗುವವರೆಗೂ ಯಾವ ಚಿತ್ರ ಪ್ರಸಿದ್ಧವಾಗಿದೆ ಎಂದು ಅವರಿಗೇ ತಿಳಿದಿರಲಿಲ್ಲ. ನಿಲ್ಲಿಸಿ ತೆಗೆದಿರಾ ಎಂದು ಯಾರೋ ಕೇಳಿದಾಗ, ಗ್ರೂಪ್ ಫೋಟೋದ ಬಗ್ಗೆ ಕೇಳುತ್ತಿದ್ದಾರೆಂದು ಭಾವಿಸಿ ಹೌದೆಂದುಬಿಟ್ಟರು. ಆ ಒಂದು ಮಾತಿಗೆ ಅವರು ಜೀವನವಿಡೀ ಸಮಜಾಯಿಷಿ ಕೊಡುತ್ತಲೇ ಇರಬೇಕಾಯಿತು. ಇದನ್ನು ಬರೆಯುವಾಗಲೂ ನನಗೆ ಮನಸ್ಸಿಗೆ ನೋವಾಗುತ್ತದೆ.

ಖಾಲ್ದೇಯ್ ಅವರ ಕಥೆ ಬೇರೆ. ರೈಖ್‌ಸ್ಟಾಗ್ ಮೇಲೆ ಸೋವಿಯತ್ ಬಾವುಟ ಮೊದಲು ಏರಿದ್ದು ಏಪ್ರಿಲ್ 30ರ ರಾತ್ರಿ. ಆ ಕತ್ತಲೆಯಲ್ಲಿ ಚಿತ್ರ ತೆಗೆಯುವಂತಿರಲಿಲ್ಲ, ಕಟ್ಟಡದೊಳಗೆ ಕಾದಾಟವೂ ನಿಂತಿರಲಿಲ್ಲ. ಇವೊ ಜಿಮಾದ ಚಿತ್ರವನ್ನು ಕಂಡಿದ್ದ ಖಾಲ್ದೇಯ್ ಅಂಥದ್ದೊಂದು ಚಿತ್ರ ತಮ್ಮವರಿಗೂ ಬೇಕೆಂದು ಕೆಂಪು ಮೇಜುಬಟ್ಟೆಗಳನ್ನು ಪರಿಚಯದ ದರ್ಜಿಗೆ ಕೊಟ್ಟು, ಸುತ್ತಿಗೆ ಕುಡುಗೋಲು ಹೊಲಿಸಿ, ಮೂರು ಬಾವುಟಗಳನ್ನು ಮಾಸ್ಕೋದಿಂದ ತಂದಿದ್ದರು. ಮೇ 2ರಂದು ಅವುಗಳಲ್ಲಿ ಒಂದನ್ನು ಹಿಡಿದು ಮಾಳಿಗೆ ಹತ್ತಿ, ಅಲ್ಲಿದ್ದ ಸೈನಿಕರ ಕೈಗೆ ಕೊಟ್ಟು, ಲೈಕಾ ಕ್ಯಾಮೆರಾದಲ್ಲಿ ಒಂದು ಇಡೀ ರೀಲು ಮುಗಿಸಿದರು. ಅಂದಮೇಲೆ ಇದು ನಿಲ್ಲಿಸಿಯೇ ತೆಗೆದ ಚಿತ್ರ.

ಅಷ್ಟಕ್ಕೇ ಮುಗಿಯಲಿಲ್ಲ. ಬಾವುಟ ಹಿಡಿದವನ ಕಾಲಿಗೆ ಆಸರೆ ಕೊಡುತ್ತಿದ್ದ ಸೈನಿಕನ ಎರಡೂ ಮಣಿಕಟ್ಟುಗಳಲ್ಲಿ ಗಡಿಯಾರದಂಥ ಪಟ್ಟಿಗಳಿದ್ದವು. ಒಂದಕ್ಕಿಂತ ಹೆಚ್ಚು ಗಡಿಯಾರವಿದ್ದರೆ ಲೂಟಿ ಎಂದೇ ಅರ್ಥ. ಬಲಗೈಯದ್ದು ದಿಕ್ಸೂಚಿ ಎಂದು ಹೇಳುವವರೂ ಇದ್ದಾರೆ. ಏನೇ ಇರಲಿ, ಅದನ್ನು ನೆಗೆಟಿವ್‌ನಿಂದ ಸೂಜಿಯಲ್ಲಿ ಕೆರೆದು ತೆಗೆಯಲಾಯಿತು. ಲೇಪ ಕೆರೆದರೆ ಪ್ರಿಂಟಿನಲ್ಲಿ ಆ ಜಾಗ ಕಪ್ಪಾಗಿ ಬರುತ್ತದೆ. ಕೈ ಸ್ವಲ್ಪ ಜಾರಿದರೂ ಮಣಿಕಟ್ಟೇ ಮಾಯವಾಗುತ್ತಿತ್ತು. ಆಕಾಶಕ್ಕೆ ಬೇರೆಡೆಯ ಹೊಗೆಯನ್ನೂ ಸೇರಿಸಲಾಯಿತು.

ತುಂಗೆಯ ದಂಡೆ

ಮೇಲಿನ ವಿವರಗಳಿಗೆ ಧನ್ಯವಾದಗಳು. ಆದರೆ ನನ್ನ ನಿಲುವು ಸ್ವಲ್ಪ ಕಠಿಣವಾದದ್ದು. ನಿಲ್ಲಿಸಿ ತೆಗೆದದ್ದನ್ನು ನಾನು ಒಪ್ಪಬಲ್ಲೆ: ಸೈನಿಕರು ನಿಜವಾದವರು, ಕಟ್ಟಡ ನಿಜವಾದದ್ದು, ಕೆಳಗೆ ಕಾಣುವ ಹಾಳುಬಿದ್ದ ಬೀದಿಯೂ ನಿಜವಾದದ್ದು. ಗಡಿಯಾರವನ್ನು ಕೆರೆದದ್ದನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಬರ್ಲಿನ್ನಿನ ಜನ ಆ ದಿನಗಳಲ್ಲಿ ಅನುಭವಿಸಿದ್ದರ ಒಂದು ಎಳೆಯನ್ನು ಆ ಸೂಜಿ ಅಳಿಸಿತು. ಆದ್ದರಿಂದ ಕೆರೆಯುವ ಮೊದಲಿನ ಮತ್ತು ಅನಂತರದ ಪ್ರಿಂಟುಗಳೆರಡನ್ನೂ ಅಕ್ಕಪಕ್ಕದಲ್ಲೇ ಇಡಿ. ವಿದ್ಯಾರ್ಥಿಗಳು ಮಣಿಕಟ್ಟನ್ನು ತಾವೇ ಹುಡುಕಿ ನೋಡಲಿ.

ಹಾಗೆಂದು ಖಾಲ್ದೇಯ್ ಅವರನ್ನು ಬರಿಯ ಪ್ರಚಾರದ ಆಳೆಂದು ತಳ್ಳಿಹಾಕುವುದು ಸರಿಯಲ್ಲ. ಅವರು ಯೆಹೂದಿ, ತಂದೆಯನ್ನೂ ಸಹೋದರಿಯರನ್ನೂ ನಾತ್ಸಿಗಳು ಕೊಂದಿದ್ದರು. ಆ ಮಾಳಿಗೆ ಏರಿದ ವ್ಯಕ್ತಿಗೆ ಬಾವುಟ ಏನಾಗಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಇನ್ನೊಂದು ಮಾತು, ಹೆಸರುಗಳದ್ದು. ಇವೊ ಜಿಮಾ ಚಿತ್ರದಲ್ಲಿರುವ ಆರು ಮಂದಿಯ ಹೆಸರುಗಳನ್ನು ಅಮೆರಿಕದ ನೌಕಾ ಪದಾತಿದಳ 1947, 2016 ಮತ್ತು 2019ರಲ್ಲಿ ಹೀಗೆ ಮೂರು ಸಲ ತಿದ್ದಿದೆ. ಬರ್ಲಿನ್ನಿನ ಚಿತ್ರದಲ್ಲಿ ಬಾವುಟ ಹಿಡಿದವರು ಉಕ್ರೇನಿನ ಅಲೆಕ್ಸೇಯ್ ಕೊವಲ್ಯೋವ್, ಆಸರೆ ಕೊಟ್ಟವರು ದಾಗೆಸ್ತಾನದ ಅಬ್ದುಲ್‌ಹಕೀಮ್ ಇಸ್ಮಾಯಿಲೋವ್ ಎಂಬುದು ದಶಕಗಳ ಕಾಲ ಜನರಿಗೆ ತಿಳಿದೇ ಇರಲಿಲ್ಲ. ಸರ್ಕಾರ ಘೋಷಿಸಿದ್ದ ಬೇರೆ ವೀರರ ಹೆಸರುಗಳೇ ಚಲಾವಣೆಯಲ್ಲಿದ್ದವು. ಹಳೆಯ ಪುಸ್ತಕಗಳ ಅಡಿಬರಹವನ್ನು ಹಾಗೆಯೇ ನಕಲು ಮಾಡಬೇಡಿ.

ಮಸಿ ಬಟ್ಟಲು

ಬಾವುಟಗಳ ಜೊತೆಗೆ ಮೂರನೆಯ ಚಿತ್ರವೊಂದನ್ನು ಇಡಬೇಕೆಂದು ಅಧ್ಯಾಪಕಿಯವರಲ್ಲಿ ನನ್ನ ಮನವಿ.

1945ರ ಆಗಸ್ಟ್ 6ರಂದು ಹಿರೋಷಿಮಾದ ಚೂಗೊಕು ಶಿಂಬುನ್ ಪತ್ರಿಕೆಯ ಛಾಯಾಗ್ರಾಹಕ ಯೋಶಿತೊ ಮತ್ಸುಶಿಗೆ, ಬಾಂಬು ಸ್ಫೋಟಿಸಿದ ಸ್ಥಳದಿಂದ 2.7 ಕಿಲೋಮೀಟರ್ ದೂರದ ತಮ್ಮ ಮನೆಯಲ್ಲಿದ್ದರು. ಕ್ಯಾಮೆರಾ ಹಿಡಿದು ಊರೊಳಕ್ಕೆ ಹೊರಟವರು ಮಿಯುಕಿ ಸೇತುವೆಯ ಬಳಿ ನಿಂತುಬಿಟ್ಟರು. ಸುಟ್ಟ ಗಾಯಗಳಿಗೆ ಅಲ್ಲಿ ಅಡುಗೆ ಎಣ್ಣೆ ಹಚ್ಚುತ್ತಿದ್ದರು. ಶಾಲಾಮಕ್ಕಳು ರಸ್ತೆಯ ಮೇಲೆ ಗುಂಪುಗೂಡಿ ಕುಳಿತಿದ್ದರು. ಇಪ್ಪತ್ತು ನಿಮಿಷ ಹಿಂದೆಮುಂದೆ ನೋಡಿದ ಮೇಲೆ ಒಂದು ಚಿತ್ರ ತೆಗೆದರು. ಇನ್ನೊಂದಕ್ಕೆ ಹತ್ತಿರ ಹೋದಾಗ ಕಣ್ಣೀರಿನಿಂದ ವ್ಯೂಫೈಂಡರ್ ಮಸುಕಾಯಿತು ಎಂದು ಅವರೇ ಹೇಳಿದ್ದಾರೆ. ಮುಂದೆ ಸುಟ್ಟ ಟ್ರಾಮಿನೊಳಗೆ ಹೆಣಗಳನ್ನು ಕಂಡರು. ಅಲ್ಲಿ ಶಟರ್ ಒತ್ತಲು ಕೈ ಏಳಲಿಲ್ಲ. ಕೈಯಲ್ಲಿ 24 ಚಿತ್ರಗಳಿಗೆ ಸಾಕಾಗುವಷ್ಟು ಫಿಲಂ ಇತ್ತು. ಇಡೀ ದಿನದಲ್ಲಿ ಉಳಿದುಬಂದದ್ದು ಐದು.

ಆ ಐದು ಚಿತ್ರಗಳಲ್ಲಿ ಯಾರೂ ಯಾರನ್ನೂ ನಿಲ್ಲಿಸಿಲ್ಲ. ಸೇತುವೆಯ ಚಿತ್ರದಲ್ಲಿ ಹೆಚ್ಚಿನವರು ನಮಗೆ ಬೆನ್ನು ಕೊಟ್ಟಿದ್ದಾರೆ. ಕುಳಿತವರಲ್ಲಿ ಒಬ್ಬರು ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿಯಾಗಿದ್ದ ಸುನಾವೊ ತ್ಸುಬೊಯ್. ತಾನಿನ್ನು ಬದುಕುವುದಿಲ್ಲವೆಂದು ಅವರು ಅಲ್ಲೇ ನೆಲದ ಮೇಲೆ ಕಲ್ಲಿನಿಂದ “ತ್ಸುಬೊಯ್ ಇಲ್ಲಿ ಸತ್ತ” ಎಂದು ಗೀಚಿದ್ದರು. ಅವರು ಬದುಕಿ ಉಳಿದು, 96ನೆಯ ವಯಸ್ಸಿನಲ್ಲಿ, 2021ರಲ್ಲಿ ತೀರಿಕೊಂಡರು.

ಇವೊ ಜಿಮಾದ ಬಾವುಟದ ಚಿತ್ರ ಎರಡೇ ದಿನಗಳಲ್ಲಿ ಅಮೆರಿಕದ ಪತ್ರಿಕೆಗಳನ್ನು ತುಂಬಿತು. ಇತ್ತ ಯುದ್ಧದ ಅನಂತರ ಜಪಾನನ್ನು ಹಿಡಿದಿದ್ದ ಅಮೆರಿಕ ನೇತೃತ್ವದ ಸೇನಾಡಳಿತದ ಪತ್ರಿಕಾ ನಿರ್ಬಂಧದಿಂದಾಗಿ ಹಿರೋಷಿಮಾದ ಚಿತ್ರಗಳು ವ್ಯಾಪಕವಾಗಿ ಜನರ ಮುಂದೆ ಬಂದದ್ದು ಆ ಆಡಳಿತ ಕೊನೆಗೊಂಡ 1952ರಲ್ಲಿ. ಕೆರೆದ ಗಡಿಯಾರದ ಬಗ್ಗೆ ಮಾತಾಡುವಷ್ಟೇ ಕಾಳಜಿಯಿಂದ ಮುಚ್ಚಿಟ್ಟ ನೆಗೆಟಿವ್‌ಗಳ ಬಗ್ಗೆಯೂ ಮಾತಾಡಬೇಕು ಎಂಬುದು ನನ್ನ ಕೋರಿಕೆ.

ಇತಿಹಾಸ ಅಧ್ಯಾಪಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ತರಗತಿಯಲ್ಲಿ ಓದಿ ಹೇಳಿದೆ. ಮೂರೂ ಚಿತ್ರಗಳನ್ನು ಇಡುತ್ತಿದ್ದೇವೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಅಡಿಬರಹಗಳನ್ನು ಬರೆದಿದ್ದಾಳೆ. ಬರ್ಲಿನ್ನಿನದು ಹೀಗಿದೆ: “ಮೇ 2, 1945. ಬಾವುಟ ಮೊದಲು ಏರಿದ ಎರಡು ದಿನಗಳ ಅನಂತರ, ಛಾಯಾಗ್ರಾಹಕರು ತಾವೇ ತಂದ ಬಾವುಟವನ್ನು ಸೈನಿಕರ ಕೈಗೆ ಕೊಟ್ಟು ತೆಗೆದದ್ದು. ಎಡಗಡೆಯ ಪ್ರಿಂಟಿನಲ್ಲಿ ಬಲ ಮಣಿಕಟ್ಟನ್ನು ಗಮನಿಸಿ.” ಮಿಯುಕಿ ಸೇತುವೆಯ ಚಿತ್ರಕ್ಕೆ ದಿನ, ಸ್ಥಳ ಮತ್ತು ತೆಗೆದವರ ಹೆಸರನ್ನು ಬರೆದ ಮೇಲೆ, ಅದರ ಪಕ್ಕದಲ್ಲಿ ತೆಗೆಯದೇ ಉಳಿದ ಚಿತ್ರಗಳಿಗಾಗಿ ಅಷ್ಟೇ ಅಳತೆಯ ಒಂದು ಖಾಲಿ ಚೌಕಟ್ಟನ್ನು ತೂಗುಹಾಕೋಣವೇ ಎಂದು ಕೇಳಿದಳು. ನಾಳೆ ಬಡಗಿಯವರ ಬಳಿ ಹೋಗಿ ಚೌಕಟ್ಟು ಮಾಡಿಸುತ್ತೇನೆ.