ಕಾಟ್ಲಾ ಬೆಳೆಯುತ್ತಿಲ್ಲ: ತಪ್ಪು ಮರಿಯದೋ, ಹೊಂಡದ್ದೋ?

ಪ್ರಶ್ನೆ (ಮದ್ದೂರು ಕಡೆಯ ಮೀನು ಕೃಷಿಕರು): ಮೇಡಂ, ನಮಸ್ಕಾರ. ಅರ್ಧ ಎಕರೆ ಹೊಂಡದಲ್ಲಿ ಆರು ವರ್ಷದಿಂದ ಕಾಟ್ಲಾ, ರೋಹು ಸಾಕುತ್ತಿದ್ದೇನೆ. ಮೊದಲೆರಡು ವರ್ಷ ಹನ್ನೆರಡು ತಿಂಗಳಿಗೆ ಕಾಟ್ಲಾ ಒಂದು ಕಿಲೋ ದಾಟುತ್ತಿತ್ತು. ಈಗ ಆರುನೂರು ಗ್ರಾಂ ಮುಟ್ಟುವಷ್ಟರಲ್ಲಿ ಸುಸ್ತಾಗುತ್ತಿದೆ. ಮರಿ ತರುವುದು ಅದೇ ಖಾಸಗಿ ಕೇಂದ್ರದಿಂದ. ಪಕ್ಕದ ಹೊಲದವರು ‘ರಕ್ತ ಕೆಟ್ಟಿದೆ, ತಳಿ ಬದಲಾಯಿಸು’ ಎನ್ನುತ್ತಾರೆ. ಮೀನಿನ ರಕ್ತ ಕೆಡುವುದು ಎಂದರೇನು? ನಮ್ಮ ಮನೆಯಲ್ಲೇ ಸೋದರಮಾವನನ್ನು ಮದುವೆಯಾದವರಿದ್ದಾರೆ, ಅವರ ಮಕ್ಕಳು ಗಟ್ಟಿಮುಟ್ಟಾಗಿಯೇ ಇದ್ದಾರೆ!

ಉತ್ತರ (ಮೀನು ತಳಿಶಾಸ್ತ್ರದ ಸಂಶೋಧಕಿ): ಸೋದರಮಾವನನ್ನು ನೀವೇ ಕರೆತಂದದ್ದು ಒಳ್ಳೆಯದಾಯಿತು, ಲೆಕ್ಕವನ್ನು ಅಲ್ಲಿಂದಲೇ ಹಿಡಿಯೋಣ. ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು. ಎರಡೂ ಒಬ್ಬ ಪೂರ್ವಜರ ಒಂದೇ ಪ್ರತಿಯ ನಕಲಾಗಿರುವ ಸಂಭವ ಸೋದರಮಾವ–ಅಕ್ಕನ ಮಗಳ ಮಗುವಿನಲ್ಲಿ ಶೇ. 12.5, ಅತ್ತೆಯ ಮಗ–ಮಾವನ ಮಗಳ ಮಗುವಿನಲ್ಲಿ ಶೇ. 6.25. ಇಷ್ಟಕ್ಕೇ ಪ್ರತಿ ಮಗುವಿಗೂ ತೊಂದರೆಯಾಗುವುದಿಲ್ಲ. ಆದರೆ ಅಡಗಿ ಕುಳಿತ ಕೆಟ್ಟ ಜೀನುಗಳು ಜೋಡಿಯಾಗಿ ಹೊರಬೀಳುವ ಅವಕಾಶ ಹೆಚ್ಚುತ್ತದೆ. ಮೀನಿನಲ್ಲಿ ಇದು ನಿಧಾನ ಬೆಳವಣಿಗೆ, ಸಾಯುವ ಮರಿ, ಸೊಟ್ಟ ಬೆನ್ನು ಆಗಿ ಕಾಣುತ್ತದೆ.

ಈಗ ಮರಿ ಕೇಂದ್ರಕ್ಕೆ ಬನ್ನಿ. ಒಂದು ಹೆಣ್ಣಿಗೆ ಎರಡು ಗಂಡು ಬಿಡುವುದು ರೂಢಿ. ಒಂದು ದಿನ ಮೂರು ಹೆಣ್ಣು, ಆರು ಗಂಡುಗಳಿಗೆ ಹಾರ್ಮೋನ್ ಚುಚ್ಚಿದರು ಎನ್ನಿ. ಬೆಳಗಾಗುವಷ್ಟರಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಆ ರಾಶಿ ಕಂಡು ಕಣ್ಣು ಮೋಸ ಹೋಗುತ್ತದೆ, ಲಕ್ಷವಿದ್ದರೂ ಅಪ್ಪ-ಅಮ್ಮ ಒಟ್ಟು ಒಂಬತ್ತೇ. ಹೆಣ್ಣು-ಗಂಡುಗಳ ಸಂಖ್ಯೆಗಳನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ತಲೆಗಳಿಂದ ಭಾಗಿಸಿ: 4×3×6÷9 = 8. ವಂಶದ ಲೆಕ್ಕಕ್ಕೆ ಅಲ್ಲಿರುವುದು ಎಂಟು ಮೀನು ಮಾತ್ರ. ಆ ಮರಿಗಳನ್ನೇ ಬೆಳೆಸಿ ಮುಂದಿನ ತಾಯಿಮೀನು (ಮರಿ ತೆಗೆಯಲು ಇಟ್ಟುಕೊಳ್ಳುವ ಹೆಣ್ಣು-ಗಂಡು) ಮಾಡಿಕೊಂಡರೆ, ಅವುಗಳ ಸಂತಾನದಲ್ಲಿ ಇನ್‌ಬ್ರೀಡಿಂಗ್, ಅಂದರೆ ಮೇಲೆ ಹೇಳಿದ ಒಂದೇ ಪ್ರತಿಯ ನಕಲು ಜೋಡಿಯಾಗುವ ಸಂಭವ, ಹದಿನಾರರಲ್ಲೊಂದು ಪಾಲು, ಅಂದರೆ ಶೇ. 6.25. ಅತ್ತೆ-ಮಾವನ ಮಕ್ಕಳ ಮದುವೆಯೇ ಆಯಿತು! ಮನೆಯಲ್ಲಿ ಇಂಥ ಮದುವೆ ಎಲ್ಲೋ ಒಮ್ಮೆ ನಡೆಯುತ್ತದೆ. ಆ ಕೊಳದಲ್ಲಿ ಇಡೀ ಊರಿನದ್ದೇ ಹಾಗೆ, ಅದೂ ಪ್ರತಿ ತಲೆಮಾರಿನಲ್ಲಿ. ಏಕನಾಥ್ ಮತ್ತು ಡಾಯ್ಲ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಹಾಕಿದ್ದು ನಮ್ಮ ಕರ್ನಾಟಕದ ಮರಿ ಕೇಂದ್ರಗಳದ್ದೇ. ಸಿಕ್ಕ ಇನ್‌ಬ್ರೀಡಿಂಗ್ ದರ ಶೇ. 2ರಿಂದ 17.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ (ಮಿದುಳಿನ ಬುಡದ ಗ್ರಂಥಿ) ಸಾರದ ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳಿಗೆ ಮೊಟ್ಟೆ ಇಡಿಸಿದರು. ಅದಕ್ಕೆ ಮುಂಚೆ ಮಳೆಗಾಲದಲ್ಲಿ ನದಿಗೆ ಬಲೆಯೊಡ್ಡಿ ಮರಿ ಹಿಡಿಯಬೇಕಿತ್ತು. ಕಷ್ಟದ ಕೆಲಸ, ಬೇಡದ ಮೀನುಗಳ ಮರಿಯೂ ಸೇರಿ ಬರುತ್ತಿತ್ತು. ಆದರೆ ಒಂದು ಬೊಗಸೆ ಮರಿಯಲ್ಲಿ ಎಷ್ಟೋ ತಂದೆ-ತಾಯಿಯರ ಮಕ್ಕಳಿರುತ್ತಿದ್ದವು. ಚುಚ್ಚುಮದ್ದು ನಮಗೆ ಮರಿಯನ್ನು ಕೊಟ್ಟಿತು, ಬಾಗಿಲನ್ನು ಕಿರಿದು ಮಾಡಿತು.

ಇಷ್ಟು ಹೇಳಿದ ಮೇಲೂ ನಿಮ್ಮ ಹೊಂಡದ ತಪ್ಪು ಮರಿಯದೇ ಎಂದು ನಾನು ಹೇಳಿಲ್ಲ. ಒಂದು ಮಾಹಿತಿ ಬೇಕು: ಮೊದಲು ಎಷ್ಟು ಮರಿ ಬಿಡುತ್ತಿದ್ದಿರಿ, ಈಗ ಎಷ್ಟು?

ಪ್ರಶ್ನೆ (ಶಿವಮೊಗ್ಗ ಜಿಲ್ಲೆಯಲ್ಲಿ ಮರಿ ಕೇಂದ್ರ ನಡೆಸುವವರು): ಮೇಡಂ, ಎಲ್ಲವನ್ನೂ ನಮ್ಮ ತಲೆಗೇ ಕಟ್ಟಬೇಡಿ. ತಾಯಿಮೀನಿಗೆ ವರ್ಷವಿಡೀ ಮೇವು ಹಾಕುವವರು ನಾವು. ಕಾವೇರಿಯಿಂದ ಹೊಸ ಮೀನು ಹಿಡಿದು ತಂದು ಬೆರೆಸಿದರೆ ಸರಿಹೋಗುತ್ತದೆಯೇ? ರಕ್ತ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷೆಗೆ ಮೀನನ್ನು ಕೊಲ್ಲಬೇಕೇ?

ಉತ್ತರ: ಕೊಲ್ಲಬೇಕಿಲ್ಲ. ಬಾಲದ ರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಎಥನಾಲ್ ತುಂಬಿದ ಪುಟ್ಟ ಶೀಶೆಗೆ ಹಾಕಿ, ಪೆನ್ಸಿಲಿನಲ್ಲಿ ಮೀನಿನ ಸಂಖ್ಯೆ ಬರೆದರೆ ಸಾಕು. ಪೆನ್ನಿನಲ್ಲಿ ಬರೆದರೆ ಎಥನಾಲ್ ಅಕ್ಷರವನ್ನು ತೊಳೆದುಬಿಡುತ್ತದೆ, ನಾನೇ ಒಮ್ಮೆ ಮೂವತ್ತು ಶೀಶೆ ಹಾಗೆ ಕಳೆದುಕೊಂಡಿದ್ದೇನೆ. ಪ್ರಯೋಗಾಲಯದಲ್ಲಿ ಮೈಕ್ರೋಸ್ಯಾಟಲೈಟ್ ಎಂಬ ಡಿಎನ್‌ಎ ತುಣುಕುಗಳ ಉದ್ದ ಅಳೆಯುತ್ತೇವೆ. ಆರೋಗ್ಯವಂತ ಗುಂಪಿನಲ್ಲಿ ಒಂದೇ ಜಾಗದಲ್ಲಿ ಹತ್ತಾರು ಬಗೆಯ ಉದ್ದಗಳಿರುತ್ತವೆ. ತಾಯಿಮೀನು ಕಡಿಮೆಯಾದಾಗ ಮೊದಲು ಮಾಯವಾಗುವುದು ಅಪರೂಪದ ಬಗೆಗಳು.

ಕಾವೇರಿಯ ಮಾತು ಬೇರೆ. ಕಾಟ್ಲಾ, ರೋಹು ಕಾವೇರಿಯ ಮೂಲನಿವಾಸಿಗಳಲ್ಲ, ಹೊರಗಿನಿಂದ ತಂದು ಬಿಟ್ಟವು. ಅಲ್ಲಿ ಹಿಡಿದದ್ದು ನಿಮ್ಮದೇ ಕೇಂದ್ರದ ಮರಿಯ ಮೊಮ್ಮಗಳಾಗಿದ್ದರೆ ಆಶ್ಚರ್ಯವಿಲ್ಲ! ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಬೇಗ ಬೆಳೆಯುವ ಜಯಂತಿ ರೋಹು ತಳಿ ಮಾಡುವಾಗ ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿಗಳ ಮೀನನ್ನೂ ತಮ್ಮ ಕೊಳದ ಮೀನನ್ನೂ ಬೆರೆಸಿಯೇ ಆಯ್ಕೆಗೆ ಇಳಿದದ್ದು. ತಲೆಮಾರಿಗೆ ಸುಮಾರು ಶೇ. 17ರಷ್ಟು ಹೆಚ್ಚು ಬೆಳವಣಿಗೆ ಸಿಕ್ಕಿತು. ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹೆಸರಘಟ್ಟದಲ್ಲೇ ಇದೆ, ಒಮ್ಮೆ ವಿಚಾರಿಸಿ. ಆದರೆ ಜಯಂತಿಯನ್ನು ತಂದು ಮತ್ತೆ ಮೂರು ಹೆಣ್ಣಿನಿಂದಲೇ ನಡೆಸಿದರೆ ಉಳಿಯುವುದು ಹೆಸರು ಮಾತ್ರ.

25 ಹೆಣ್ಣು, 25 ಗಂಡು ಇಟ್ಟರೆ ಇನ್‌ಬ್ರೀಡಿಂಗ್ ತಲೆಮಾರಿಗೆ ಶೇ. 1ಕ್ಕೆ ನಿಲ್ಲುತ್ತದೆ. ಒಂದೇ ದಿನದ್ದಲ್ಲ, ಇಡೀ ಹಂಗಾಮಿನ ಹಲವು ಸರದಿಗಳಿಂದ ಸ್ವಲ್ಪ ಸ್ವಲ್ಪ ಮರಿ ಎತ್ತಿಡಿ. ದಪ್ಪ ಮೀನನ್ನು ಪೇಟೆಗೆ ಕಳುಹಿಸಿ ಉಳಿದ ಸಣ್ಣದನ್ನು ತಾಯಿಮೀನು ಮಾಡುವವರೂ ಇದ್ದಾರೆ. ಅದು ಗಟ್ಟಿ ರಾಗಿ ಮಾರಿ ಜೊಳ್ಳನ್ನು ಬಿತ್ತನೆಗಿಟ್ಟ ಹಾಗೆ. ಕಾಟ್ಲಾ, ರೋಹುಗಳನ್ನು ಒಂದೇ ತೊಟ್ಟಿಯಲ್ಲಿ ಮೊಟ್ಟೆಗೆ ಬಿಡಲೇಬೇಡಿ. ಅವುಗಳ ಬೆರಕೆ ಮರಿ ಬಂಜೆಯಲ್ಲ. ತಿನ್ನಲು ಅಡ್ಡಿಯಿಲ್ಲ, ತಾಯಿಮೀನುಗಳ ಗುಂಪಿಗೆ ನುಸುಳಿದರೆ ಎರಡೂ ಜಾತಿ ಕಲಸಿಹೋಗುತ್ತವೆ.

ಮದ್ದೂರಿನವರು: ಲೆಕ್ಕದ ಪುಸ್ತಕ ತೆಗೆದು ನೋಡಿದೆ ಮೇಡಂ. ಮೊದಲು 1,000 ಮರಿ. ಈಗ 2,500.

ಉತ್ತರ: ಹಾಗಿದ್ದರೆ ರಕ್ತವನ್ನು ಬೈಯುವ ಮೊದಲು ಜನಸಂಖ್ಯೆಯನ್ನು ಬೈಯೋಣ! ಕಾಟ್ಲಾ ನೀರಿನ ಮೇಲ್ಮಟ್ಟದ ಪ್ರಾಣಿಪ್ಲವಕ (ತೇಲಾಡುವ ಪುಟ್ಟ ಜೀವಿಗಳು) ತಿನ್ನುವ ಮೀನು, ಗುಂಪು ಹೆಚ್ಚಿದಂತೆ ಒಂದೊಂದರ ಪಾಲು ಕರಗುತ್ತದೆ. ಈ ಸಲ 1,000ಕ್ಕೇ ನಿಲ್ಲಿ. ಅದರಲ್ಲಿ ಕಾಟ್ಲಾ ಮರಿಯನ್ನು ಅರ್ಧ ಹಳೆಯ ಕೇಂದ್ರದಿಂದ, ಅರ್ಧ ಬೇರೆ ಕಡೆಯಿಂದ ತನ್ನಿ, ಎರಡೂ ಒಂದೇ ಗಾತ್ರದವಿರಲಿ. ಹಳೆಯ ಕೇಂದ್ರದವುಗಳ ಹೊಟ್ಟೆಯಡಿಯ ಜೋಡಿ ರೆಕ್ಕೆಗಳಲ್ಲಿ ಎಡಗಡೆಯದನ್ನು ಬುಡದ ಹತ್ತಿರ ಕತ್ತರಿಸಿ, ಹೊಸಬರದ್ದು ಬಲಗಡೆಯದನ್ನು. ನೀರು ಒಂದೇ, ಮೇವು ಒಂದೇ. ಆರು ತಿಂಗಳಿಗೆ ಬಲೆ ಎಳೆದಾಗ ಎಡಗಡೆಯವು ಎಷ್ಟು ಗ್ರಾಂ, ಬಲಗಡೆಯವು ಎಷ್ಟು ಗ್ರಾಂ ಎಂದು ಇಲ್ಲೇ ಬರೆಯಿರಿ.